ಮೊರದಗಲದ ಎಲೆಗಳು ಜೋಲು ಬಿದ್ದಿವೆ, ಮಾನ್‌ಸ್ಟೆರಾ ಉಳಿಯುತ್ತಾ?

ಮೂರನೇಮಹಡಿ (ಬೆಂಗಳೂರು), ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಹಾಲ್‌ನಲ್ಲಿ ಒಂದು ಮಾನ್‌ಸ್ಟೆರಾ ಇದೆ. ಅಗಲ ಎಲೆಯಲ್ಲಿ ಸೀಳು ಬರುತ್ತಲ್ಲ, ಮನೆಯೊಳಗೆ ಬೆಳೆಸುವ ಬಳ್ಳಿ ಗಿಡ, ಅದು. ತಂದು ಎರಡು ವರ್ಷ ಆಯ್ತು. ತಂದಾಗ ನಾಲ್ಕು ಎಲೆ, ಈಗ ಹನ್ನೊಂದು. ದೊಡ್ಡವು ಮೊರದಗಲ ಇವೆ. ಮನೆಗೆ ಬಂದವರು ಮೊದಲು ಗಿಡ ನೋಡುತ್ತಾರೆ, ಆಮೇಲೆ ನಮ್ಮನ್ನು ಮಾತಾಡಿಸುತ್ತಾರೆ.

ಮೂರು ವಾರದಿಂದ ಅದು ಜೋಲು ಬಿದ್ದಿದೆ. ಚಪ್ಪರಕ್ಕೆ ಕಟ್ಟಿದ ಬಾಳೆಕಂದು ಮಾರನೇ ದಿನ ಇರುತ್ತಲ್ಲ, ಹಾಗೆ. ತೊಟ್ಟುಗಳೆಲ್ಲ ನೆಲದ ಕಡೆ ಬಾಗಿವೆ. ಕೆಳಗಿನ ಎರಡು ಎಲೆ ಪೂರ್ತಿ ಹಳದಿ. ಇನ್ನೊಂದರ ಅಂಚಿನಲ್ಲಿ ಕಾಫಿ ಚೆಲ್ಲಿದಂಥ ಕಂದು ಕಲೆ, ಸುತ್ತ ಹಳದಿ ಗೆರೆ. ನೀರು ಕಮ್ಮಿ ಆಯ್ತೇನೋ ಅಂತ ಜಾಸ್ತಿ ಮಾಡಿದೆ. ಎಲೆಗೂ ನೀರು ಚಿಮುಕಿಸಿದೆ. ಇನ್ನೂ ಬಾಗುತ್ತಲೇ ಇದೆ.

ಇದು ಉಳಿಯುತ್ತಾ? ಏನು ಮಾಡಲಿ?

ಹಸಿರುಕೈ (ದಾವಣಗೆರೆ)

ಬಾಡಿದೆ ಅಂದರೆ ಬಾಯಾರಿದೆ ಅಂತ. ಅಷ್ಟು ದೊಡ್ಡ ಎಲೆಗೆ ನೀರು ಜಾಸ್ತಿ ಬೇಕೇ ಬೇಕು. ದಿನಾ ಬೆಳಿಗ್ಗೆ ಒಂದು ಚೊಂಬು ಹಾಕಿ. ಜೊತೆಗೆ ಲೀಟರ್ ನೀರಿಗೆ ಒಂದು ಚಮಚ ಎಪ್ಸಮ್ ಸಾಲ್ಟ್. ನನ್ನದು ತಾರಸಿಯಲ್ಲಿ ಆನೆ ಕಿವಿ ಹಾಗೆ ನಿಂತಿದೆ, ದಿನಾ ನೀರು ಹಾಕುತ್ತೇನೆ.

ಕುಂಡಕೋಟೆ (ಮೈಸೂರು)

ಮೂರನೇಮಹಡಿಯವರೇ, ಸದ್ಯಕ್ಕೆ ಒಂದು ಹನಿ ನೀರೂ ಹಾಕಬೇಡಿ. ಉಪ್ಪೂ ಬೇಡ. ಮೊದಲು ಇಷ್ಟು ಹೇಳಿ.

ಮಣ್ಣಿಗೆ ಬೆರಳು ಇಳಿಸಿ ನೋಡಿದ್ದೀರಾ? ಮೇಲೆ ಮೇಲೆ ಅಲ್ಲ, ಎರಡು ಗೆಣ್ಣು ಒಳಗೆ ಹೋಗಬೇಕು. ಕುಂಡದ ತಳದಲ್ಲಿ ತೂತು ಇದೆಯಾ? ಕಿಟಕಿಯಿಂದ ಎಷ್ಟು ದೂರ ಇಟ್ಟಿದ್ದೀರಿ? ಮಣ್ಣು ಯಾವುದು, ನರ್ಸರಿಯಿಂದ ಬಂದದ್ದೇನಾ?

ಮೂರನೇಮಹಡಿ

ಬೆರಳು ಈಗ ಹಾಕಿ ನೋಡಿದೆ. ಮೇಲೆ ಒಣಗಿದ ಹಾಗಿತ್ತು, ಒಳಗೆ ತಂಪು. ಬೆರಳಿಗೆ ಕಪ್ಪಗೆ ಅಂಟಿಕೊಂಡಿತು. ಮಣ್ಣು ನರ್ಸರಿಯದ್ದೇ, ಬದಲಾಯಿಸಿಲ್ಲ. ಬರೀ ಕೆಂಪು ಮಣ್ಣು ಅನ್ನಿಸುತ್ತೆ, ಒಣಗಿದರೆ ಇಟ್ಟಿಗೆ ಆಗುತ್ತಿತ್ತು.

ಕುಂಡ ಎರಡಿದೆ. ಒಳಗೆ ಪ್ಲಾಸ್ಟಿಕ್ಕಿನದು, ಅದಕ್ಕೆ ತೂತಿದೆ. ಅದನ್ನು ಬಿಳಿ ಪಿಂಗಾಣಿ ಕುಂಡದೊಳಗೆ ಇಟ್ಟಿದ್ದೇವೆ. ಪಿಂಗಾಣಿಗೆ ತೂತಿಲ್ಲ. ನೆಲ ಗಲೀಜಾಗಬಾರದು ಅಂತಲೇ ತಂದದ್ದು. ಕಿಟಕಿ ಹತ್ತು ಅಡಿ ದೂರ ಇದೆ. ಮೊದಲು ಹತ್ತಿರ ಇತ್ತು, ಟಿವಿ ಬಂದ ಮೇಲೆ ಮೂಲೆಗೆ ಸರಿಸಿದೆವು.

ಒಂದು ಮಾತು ಹೇಳಲೇಬೇಕು. ಮೊದಲು ನನ್ನ ಹತ್ತಿರ ಪೀಸ್ ಲಿಲಿ ಇತ್ತು. ಅದು ಜೋತು ಬೀಳುತ್ತಿತ್ತು, ಒಂದು ಲೋಟ ನೀರು ಹಾಕಿದರೆ ಮಧ್ಯಾಹ್ನದೊಳಗೆ ಎದ್ದು ನಿಲ್ಲುತ್ತಿತ್ತು. ಅದೇ ಅಭ್ಯಾಸ ನನಗೆ.

ಮಂಗಳೂರುಮಳೆ (ಮಂಗಳೂರು)

ಪೀಸ್ ಲಿಲಿ ನಾಟಕದ ಗಿಡ ಮಾರಾಯ್ರೆ. ಸ್ವಲ್ಪ ಬಾಯಾರಿದರೆ ಸತ್ತೇ ಹೋದ ಹಾಗೆ ಬೀಳುತ್ತದೆ. ಮಾನ್‌ಸ್ಟೆರಾ ಹಾಗಲ್ಲ. ಅದು ಬಿದ್ದಿದ್ದರೆ ನಿಜವಾಗಿಯೂ ಏನೋ ಆಗಿದೆ.

ತಮಾಷೆ ಅಂದರೆ ಎರಡೂ ಒಂದೇ ಕುಲದವು. ನಮ್ಮ ಕೆಸು, ಸುವರ್ಣಗಡ್ಡೆ ಕೂಡ ಅದೇ ಕುಲ. ನಮ್ಮಮ್ಮ ಈ ಗಿಡದ ಎಲೆ ಮೊದಲ ಸಲ ನೋಡಿದಾಗ ಕೇಳಿದ್ದು ಒಂದೇ ಪ್ರಶ್ನೆ, "ಇದರ ಪತ್ರೊಡೆ ಆಗ್ತದಾ?" (ಆಗಲ್ಲ. ಯಾರೂ ಪ್ರಯತ್ನ ಮಾಡಬೇಡಿ.)

ಕುಂಡಕೋಟೆ

ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು. ನೀರು ಕಮ್ಮಿಯಾಗಿ ಬಾಡಿದ ಮಾನ್‌ಸ್ಟೆರಾ ಬೇರೆ ಥರ ಕಾಣುತ್ತೆ. ಎಲೆ ಒಳಗೆ ಸುರುಳಿ ಸುತ್ತುತ್ತೆ, ಅಂಚು ಹಪ್ಪಳದ ಹಾಗೆ ಒಣಗುತ್ತೆ, ಕುಂಡ ಎತ್ತಿದರೆ ಹಗುರ. ನಿಮ್ಮದು ಕೆಳಗಿನ ಎಲೆ ಹಳದಿ, ಮೆತ್ತಗಿನ ಕಂದು ಕಲೆ, ಒಳಗೆ ಹಸಿ ಮಣ್ಣು. ಇದು ನೀರು ಜಾಸ್ತಿ ಆಗಿದ್ದು.

ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ಮಧ್ಯೆ ಗಾಳಿ ಇರುತ್ತೆ, ಬೇರು ಅದನ್ನು ಉಸಿರಾಡುತ್ತೆ. ಆ ಜಾಗದಲ್ಲೆಲ್ಲ ನೀರೇ ತುಂಬಿ ನಿಂತರೆ ಬೇರು ಉಸಿರುಗಟ್ಟಿ ಸಾಯುತ್ತೆ. ಸತ್ತ ಬೇರು ನೀರು ಎಳೆಯಲ್ಲ. ಆಗ ಮಣ್ಣಲ್ಲಿ ಕೆರೆಯಷ್ಟು ನೀರಿದ್ದರೂ ಎಲೆಗೆ ಬರ. ನಾವು ಬಾಡಿದ್ದು ನೋಡಿ ಇನ್ನೊಂದು ಚೊಂಬು ಸುರಿಯುತ್ತೇವೆ.

ಹಸಿರುಕೈ ಅವರ ಗಿಡ ದಿನಾ ನೀರು ಕುಡಿಯುತ್ತೆ ಅಂದರೆ ನಂಬುತ್ತೇನೆ. ತಾರಸಿ, ಗಾಳಿ, ದಾವಣಗೆರೆ ಬಿಸಿಲು. ಬಹುಶಃ ಮಣ್ಣಿನ ಕುಂಡವೂ ಇರಬೇಕು. ಅಲ್ಲಿ ಸಂಜೆಗೆ ಮಣ್ಣು ಒಣಗುತ್ತೆ. ಬೆಂಗಳೂರಿನ ಹಾಲ್‌ನ ಮೂಲೆ, ಜುಲೈ ಮೋಡ, ಪ್ಲಾಸ್ಟಿಕ್ಕಿನ ಮೇಲೆ ಪಿಂಗಾಣಿ, ಇಲ್ಲಿ ಹತ್ತು ದಿನ ಆದರೂ ಒಣಗಲ್ಲ.

ಈಗ ಒಂದು ಕೆಲಸ ಮಾಡಿ. ಒಳಗಿನ ಕುಂಡವನ್ನು ಎತ್ತಿ ಆಚೆ ಇಡಿ. ಪಿಂಗಾಣಿ ತಳ ನೋಡಿ ಬಂದು ಹೇಳಿ.

ಹಸಿರುಕೈ

ಹೌದು, ಮಣ್ಣಿನ ಕುಂಡವೇ.

ಮೂರನೇಮಹಡಿ, ಭಾನುವಾರ ಮಧ್ಯಾಹ್ನ

ಎತ್ತಲು ಇಬ್ಬರು ಬೇಕಾಯಿತು. ನಮ್ಮವರು ಒಂದು ಕಡೆ, ನಾನೊಂದು ಕಡೆ. ಪಿಂಗಾಣಿ ತಳದಲ್ಲಿ ನಾಲ್ಕು ಬೆರಳು ನೀರು! ಟೀ ಡಿಕಾಕ್ಷನ್ ಬಣ್ಣ. ವಾಸನೆ ಮೋರಿಯದ್ದು. ಎರಡು ಕಿಟಕಿ ತೆಗೆದು ಫ್ಯಾನ್ ಹಾಕಿ ಕೂತಿದ್ದೇವೆ.

ಆದರೆ ನನಗೆ ಒಂದು ಅರ್ಥವಾಗುತ್ತಿಲ್ಲ. ನಾನು ಹಾಕುತ್ತಿದ್ದದ್ದು ಮೂರು ದಿನಕ್ಕೆ ಅರ್ಧ ಲೀಟರ್. ಇಷ್ಟು ನೀರು ಎಲ್ಲಿಂದ ಬಂತು?

ಬಚ್ಚಲಹಿಂದೆ (ಶಿರಸಿ)

ತಂಗಿ, ನಮ್ಮ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಬಂದ ಹಾಗೆಯೇ ಇದೆ ನಿನ್ನ ಗಿಡದ ಕಥೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಫೈಟಾಫ್ತೊರಾ ಅನ್ನುವ ರೋಗಾಣು ಬೇರು ತಿನ್ನುತ್ತದೆ. ನಿನ್ನೆ ಹಸಿರಾಗಿದ್ದ ಬಳ್ಳಿ ಇವತ್ತು ಎಲೆ ಇಳಿಬಿಟ್ಟು ನಿಂತಿರುತ್ತದೆ. ಹೊಸಬರು ಬಂದರೆ ನೀರು ಸಾಲಲಿಲ್ಲ ಅಂದುಕೊಳ್ಳುತ್ತಾರೆ. ಸುತ್ತ ಮಳೆ ಸುರಿಯುತ್ತಿರುತ್ತದೆ!

ಅಡಿಕೆಯ ಕೊಳೆರೋಗವೂ ಅದೇ ಜಾತಿಯದ್ದು. ಅದಕ್ಕೇ ನಮ್ಮ ಕಡೆ ತೋಟ ಮಾಡುವಾಗ ಸಸಿಗಿಂತ ಮೊದಲು ಬಸಿಗಾಲುವೆ ತೋಡುತ್ತೇವೆ. ನೀರು ಬಂದಷ್ಟೂ ಬರಲಿ, ಹೋಗಲು ದಾರಿ ಇರಬೇಕು. ನಿನ್ನ ಪಿಂಗಾಣಿ ಕುಂಡ ಬಸಿಗಾಲುವೆ ಇಲ್ಲದ ತೋಟ.

ಬೇರು ನೋಡದೆ ಏನೂ ಹೇಳಲಾಗದು. ಗಿಡ ಮಗುಚಿ ನೋಡು.

ಹಿಮದೂರು (ಟೊರಾಂಟೊ)

ಮಗುಚುವ ಮೊದಲು ಎರಡು ಮಾತು. ಒಂದು, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಇದರ ಹಾಲಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಕೆಸುವಿನಲ್ಲಿ ಇರುವಂಥವೇ. ಮಕ್ಕಳು, ಬೆಕ್ಕು, ನಾಯಿ ಹತ್ತಿರ ಬರದಂತೆ ನೋಡಿಕೊಳ್ಳಿ, ಕಚ್ಚಿದರೆ ಬಾಯಿ ಗಂಟಲು ಉರಿದು ಊದುತ್ತೆ. ಎರಡು, ಎಲೆ ಹಿಡಿದು ಎಳೆಯಬೇಡಿ. ಕುಂಡವನ್ನು ಅಡ್ಡ ಮಲಗಿಸಿ ಪಕ್ಕ ತಟ್ಟಿ ಸಡಿಲ ಮಾಡಿ. ಪ್ಲಾಸ್ಟಿಕ್ ಆದರೆ ಕತ್ತರಿಸಿಬಿಡಿ, ಅಗ್ಗದ ಕುಂಡಕ್ಕೆ ಯಾಕೆ ಯೋಚನೆ.

ಮೂರನೇಮಹಡಿ, ಭಾನುವಾರ ಸಂಜೆ

ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ ಮಗುಚಿದೆವು. ಗ್ಲೌಸ್ ಮಾತು ಓದುವ ಮೊದಲೇ ಕೈ ಹಾಕಿಯಾಗಿತ್ತು, ಮಣಿಕಟ್ಟು ಈಗಲೂ ತುರಿಸುತ್ತಿದೆ. ಕೆಸುವಿನ ದಂಟು ಹೆಚ್ಚಿದ ಹಾಗೆ. ಅತ್ತೆ ಹುಣಸೆಹಣ್ಣು ಕಿವುಚಿ ಹಚ್ಚಿದರು.

ಬೇರು ಮೂರು ಥರ ಇದೆ. ಮೇಲಿನ ಕೆಲವು ಬೆಳ್ಳಗೆ, ಗಟ್ಟಿ, ಬೆರಳಿನಷ್ಟು ದಪ್ಪ. ಮಧ್ಯದ್ದು ಕಂದು, ಆದರೆ ಒತ್ತಿದರೆ ಗಟ್ಟಿ. ಕೆಳಗಿನ ಅರ್ಧ ಮಾತ್ರ ಕಪ್ಪು. ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಕಳಚಿ ಕೈಗೆ ಬರುತ್ತೆ, ಒಳಗೆ ಬರೀ ದಾರ ಉಳಿಯುತ್ತೆ. ವಾಸನೆ ಹೇಳಲ್ಲ ಬಿಡಿ.

ಕುಂಡಕೋಟೆ

ಸಿಪ್ಪೆ ಕಳಚಿ ದಾರ ಉಳಿಯುವುದೇ ಕೊಳೆತ ಬೇರಿನ ಗುರುತು. ಕಂದು ಅಂತ ಹೆದರಬೇಡಿ, ಹಳೇ ಬೇರು ಮಣ್ಣಿನ ಬಣ್ಣ ಹಿಡಿದಿರುತ್ತೆ. ಒತ್ತಿದಾಗ ಗಟ್ಟಿ ಇದ್ದರೆ ಅದು ಒಳ್ಳೇ ಬೇರು. ಬಣ್ಣ ನೋಡಿ ಕತ್ತರಿಸಬೇಡಿ, ಒತ್ತಿ ನೋಡಿ ಕತ್ತರಿಸಿ.

ನಲ್ಲಿ ನೀರಲ್ಲಿ ಹಳೇ ಮಣ್ಣನ್ನೆಲ್ಲ ತೊಳೆಯಿರಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಮೆತ್ತಗಿರುವುದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ, ಮಧ್ಯೆ ಮಧ್ಯೆ ಕತ್ತರಿ ಒರೆಸುತ್ತಿರಿ. ಒಂದೆರಡು ಗಂಟೆ ಗಾಳಿಗೆ ಬಿಡಿ. ಪೂರ್ತಿ ಹಳದಿಯಾದ ಎಲೆ ತೆಗೆಯಿರಿ. ಅರ್ಧ ಹಸಿರಿರುವುದು ಇರಲಿ, ಅದು ಇನ್ನೂ ದುಡಿಯುತ್ತಿದೆ.

ಹೊಸ ಕುಂಡ ಹಳೆಯದಕ್ಕಿಂತ ಚಿಕ್ಕದಿರಲಿ. ಇದನ್ನು ಜನ ಒಪ್ಪಲ್ಲ. ಇಷ್ಟು ದೊಡ್ಡ ಗಿಡಕ್ಕೆ ದೊಡ್ಡ ಕುಂಡ ಬೇಡವಾ ಅಂತಾರೆ. ಕುಂಡ ಗಿಡದ ಅಳತೆಗೆ ಅಲ್ಲ, ಉಳಿದ ಬೇರಿನ ಅಳತೆಗೆ. ಬೇರಿಲ್ಲದ ಜಾಗದ ಮಣ್ಣಿನ ನೀರನ್ನು ಕುಡಿಯುವವರು ಯಾರೂ ಇರಲ್ಲ, ಅದು ಹಾಗೇ ನಿಂತು ಮತ್ತೆ ಕೊಳೆಯುತ್ತೆ.

ಮಣ್ಣು ಹೀಗೆ ಮಾಡಿ: ತೆಂಗಿನ ಸಿಪ್ಪೆಯ ತುಂಡು ಎರಡು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು, ಎರೆಗೊಬ್ಬರ ಒಂದು. ಮೇಲೆ ಒಂದು ಹಿಡಿ ಇದ್ದಿಲು. ಸಿಪ್ಪೆ ತುಂಡನ್ನು ಒಂದು ದಿನ ನೆನೆಸಿ ಆ ಕಂದು ನೀರು ಚೆಲ್ಲಿ, ಉಪ್ಪಿರುತ್ತೆ. ಕೆಂಪು ಮಣ್ಣು ಬೇಡವೇ ಬೇಡ.

ಬಚ್ಚಲಹಿಂದೆ

ಕೆಂಪು ಮಣ್ಣು ಬೇಡ ಯಾಕೆ ಅಂತ ನಾನು ಹೇಳುತ್ತೇನೆ. ಇದು ಮಣ್ಣಿನ ಗಿಡವೇ ಅಲ್ಲ. ನಮ್ಮ ಮರಕೆಸು ಮರದ ಮೇಲೆ ಇರುತ್ತದಲ್ಲ, ಪಾಚಿ, ಕೊಳೆತ ಎಲೆ, ಅಷ್ಟರಲ್ಲೇ ಬದುಕುತ್ತದೆ. ಇದೂ ಹಾಗೆ ಮರ ಹತ್ತುವುದು. ಬಚ್ಚಲಮನೆ ಹಿಂದೆ ಹಲಸಿನ ಮರಕ್ಕೆ ನಮ್ಮದು ಹತ್ತಿದೆ. ಇಪ್ಪತ್ತು ವರ್ಷ ಆಯಿತು, ಯಾರೂ ಗೊಬ್ಬರ ಹಾಕಿಲ್ಲ. ಮರದ ಸಿಪ್ಪೆಗೆ ಗಾಳಿ ಬೇರು ಕಚ್ಚಿಕೊಂಡು ಅಟ್ಟದ ಎತ್ತರಕ್ಕೆ ಹೋಗಿದೆ.

ಹಸಿರುಕೈ

ಕತ್ತರಿಸಿದ ಜಾಗಕ್ಕೆ ಅರಿಶಿನ ಹಚ್ಚಿ. ಇದಾದರೂ ಸರಿ ಅಲ್ವಾ?

ಕುಂಡಕೋಟೆ

ಅರಿಶಿನ, ದಾಲ್ಚಿನ್ನಿ ಪುಡಿ ಎರಡನ್ನೂ ಜನ ಹಚ್ಚುತ್ತಾರೆ. ಕಾಂಡ ಕತ್ತರಿಸಿದ್ದರೆ ಹಚ್ಚಿ, ತೊಂದರೆ ಇಲ್ಲ. ಬೇರಿಗೆ ದಾಲ್ಚಿನ್ನಿ ಬೇಡ, ಒಳ್ಳೇ ಬೇರನ್ನೂ ಒಣಗಿಸುತ್ತೆ. ಗಾಯ ಒಣಗಲು ಗಾಳಿ ಸಾಕು.

ಹಿಮದೂರು

ಒಂದು ಇನ್ಶೂರೆನ್ಸ್ ಮಾಡಿಕೊಳ್ಳಿ. ತುದಿಯ ಕಡೆಯಿಂದ ಒಂದು ತುಂಡು ತೆಗೆದು ನೀರಲ್ಲಿಡಿ. ಒಂದು ಎಲೆ, ಅದರ ಕೆಳಗೆ ಒಂದು ಗೆಣ್ಣು, ಗೆಣ್ಣಲ್ಲಿ ಗಾಳಿ ಬೇರಿನ ಮೊಳಕೆ ಇದ್ದರೆ ಇನ್ನೂ ಒಳ್ಳೇದು. ಗೆಣ್ಣಿಲ್ಲದ ಬರೀ ಎಲೆ ಇಟ್ಟರೆ ತಿಂಗಳುಗಟ್ಟಲೆ ಹಸಿರಾಗಿರುತ್ತೆ, ಬೇರೂ ಬಿಡಬಹುದು, ಹೊಸ ಗಿಡ ಮಾತ್ರ ಆಗಲ್ಲ. ನಾನು ಮೊದಲ ವರ್ಷ ಅಂಥದ್ದೊಂದು ಎಲೆಯನ್ನು ಎಂಟು ತಿಂಗಳು ಸಾಕಿದ್ದೆ. ಹೆಂಡತಿ ಈಗಲೂ ನಗುತ್ತಾಳೆ.

ಇಲ್ಲಿ ಚಳಿಗಾಲದಲ್ಲಿ ಸಂಜೆ ಐದಾಗುವ ಮೊದಲೇ ಕತ್ತಲೆ. ಬೆಳಕು ಕಮ್ಮಿ ಆದರೆ ಗಿಡ ನೀರು ಕುಡಿಯುವುದೂ ಕಮ್ಮಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಹಾಕುವ ನಾನು ಜನವರಿಯಲ್ಲಿ ಮೂರು ವಾರಕ್ಕೊಮ್ಮೆ ಹಾಕುತ್ತೇನೆ. ಮೊದಲ ಚಳಿಗಾಲ ಇದು ಗೊತ್ತಿಲ್ಲದೆ ಒಂದು ಗಿಡ ಕಳೆದುಕೊಂಡೆ. ಬೆಂಗಳೂರಲ್ಲಿ ಹಿಮ ಇಲ್ಲ, ನಿಜ. ಆದರೆ ಕಿಟಕಿಯಿಂದ ಹತ್ತು ಅಡಿ ಒಳಗಿನ ಮೂಲೆ ಗಿಡದ ಪಾಲಿಗೆ ವರ್ಷವಿಡೀ ನಮ್ಮ ಜನವರಿ ಇದ್ದ ಹಾಗೆ.

ಮೂರನೇಮಹಡಿ, ಸೋಮವಾರ ರಾತ್ರಿ

ಎಲ್ಲ ಆಯ್ತು. ಬೇರು ಅರ್ಧಕ್ಕರ್ಧ ಹೋಯಿತು. ಎಂಟು ಇಂಚಿನ ಕುಂಡದಲ್ಲಿ ಎಂಟು ಎಲೆಯ ಗಿಡ. ಲಂಗದ ಮೇಲೆ ದೊಡ್ಡವರ ಶರಟು ಹಾಕಿದ ಮಗುವಿನ ಹಾಗೆ ಕಾಣುತ್ತಿದೆ. ಬೀಳದಂತೆ ಗೋಡೆಗೆ ಆನಿಸಿ ಪೂರ್ವದ ಕಿಟಕಿಯಿಂದ ಮೂರು ಅಡಿಗೆ ಇಟ್ಟಿದ್ದೇನೆ. ತುದಿ ತುಂಡು ಉಪ್ಪಿನಕಾಯಿ ಭರಣಿಯಲ್ಲಿದೆ. ಒಂದು ಸಲ ನೀರು ಹಾಕಿ ಪೂರ್ತಿ ಬಸಿಯಲು ಬಿಟ್ಟೆ. ಪಿಂಗಾಣಿಯಲ್ಲಿ ಈಗ ಛತ್ರಿಗಳಿವೆ.

ಮಂಗಳೂರುಮಳೆ

ಛತ್ರಿಗೆ ತೂತು ಬೇಡ, ಸರಿಯಾದ ಜಾಗಕ್ಕೇ ಹೋಯಿತು.

ಗಿಡ ಆಪರೇಷನ್ ಥಿಯೇಟರ್‌ನಿಂದ ಹೊರಗೆ ಬರುವವರೆಗೆ ಒಂದು ವಿಷಯ. ಇದರ ಪೂರ್ತಿ ಹೆಸರು ಮಾನ್‌ಸ್ಟೆರಾ ಡೆಲಿಸಿಯೋಸಾ. ಡೆಲಿಸಿಯೋಸಾ ಅಂದರೆ ರುಚಿಯಾದದ್ದು. 1849ರಲ್ಲಿ ಲೀಬ್‌ಮನ್ ಎಂಬ ಡೆನ್ಮಾರ್ಕಿನವನು ಮೆಕ್ಸಿಕೋದ ಗಿಡಕ್ಕೆ ಈ ಹೆಸರಿಟ್ಟ. ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಕಾಡು ಇದರ ತವರು. ಜೋಳದ ತೆನೆಯಂಥ ಹಣ್ಣು ಬಿಡುತ್ತದೆ. ಮಾಗಲು ವರ್ಷ ಬೇಕು. ಮೇಲಿನ ಹಸಿರು ಬಿಲ್ಲೆಗಳು ತಾವಾಗಿ ಉದುರಿದ ಮೇಲೇ ತಿನ್ನಬೇಕು. ಅನಾನಸು ಬಾಳೆಹಣ್ಣು ಸೇರಿಸಿದ ರುಚಿ ಅಂತಾರೆ. ಅವಸರ ಮಾಡಿದರೆ ಸುವರ್ಣಗಡ್ಡೆ ಹಸಿ ಕಚ್ಚಿದ ಅನುಭವ. ಮನೆಯೊಳಗೆ ಹಣ್ಣು ಬಿಡುವುದು ಅಪರೂಪ, ಆಸೆ ಇಟ್ಟುಕೊಳ್ಳಬೇಡಿ.

ಹಸಿರುಕೈ

ಹಣ್ಣು ಬಿಡದಿದ್ದರೂ ಆಮ್ಲಜನಕ ಕೊಡುತ್ತಲ್ಲ. ಗಾಳಿ ಶುದ್ಧ ಮಾಡುತ್ತೆ ಅಂತ ನಾಸಾದವರೇ ಹೇಳಿದ್ದಾರೆ.

ಮಂಗಳೂರುಮಳೆ

ನಾಸಾದ ಆ ಪ್ರಯೋಗ 1989ರದ್ದು. ಗಾಳಿಯಾಡದ ಸಣ್ಣ ಪೆಟ್ಟಿಗೆಯೊಳಗೆ ಗಿಡ ಇಟ್ಟು ಮಾಡಿದ್ದು. ನಮ್ಮ ಮನೆ ಪೆಟ್ಟಿಗೆಯಲ್ಲ. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದವರು, ಕಿಟಕಿಯಿಂದ ಬರುವ ಗಾಳಿಗೆ ಸಮ ಆಗಬೇಕಾದರೆ ಒಂದು ಚದರ ಮೀಟರಿಗೆ ಕಮ್ಮಿ ಅಂದರೂ ಹತ್ತು ಗಿಡ ಬೇಕು ಅಂದರು. ಮೇಲಿನ ಲೆಕ್ಕ ಸಾವಿರಕ್ಕೆ ಹೋಗುತ್ತದೆ. ಕಿಟಕಿ ತೆಗೆಯುವುದು ಸುಲಭ. ಗಿಡ ಚೆಂದ ಇದೆ ಅಂತ ಸಾಕಿ, ಅಷ್ಟು ಸಾಕು.

ಮೂರನೇಮಹಡಿ, ಹದಿನೈದು ದಿನದ ನಂತರ

ಬೇಜಾರಿನ ಸುದ್ದಿ. ಇನ್ನೊಂದು ಎಲೆ ಹಳದಿ ಆಯ್ತು. ಗಿಡ ಎದ್ದಿಲ್ಲ. ಕುಂಡದ ಮೇಲೆ ಸಣ್ಣ ಕಪ್ಪು ನೊಣ ಹಾರಾಡುತ್ತಿವೆ, ಸಾಸಿವೆಯ ಅರ್ಧದಷ್ಟು. ವಿಚಿತ್ರ ಅಂದರೆ, ಹದಿನೈದು ದಿನದಲ್ಲಿ ನಾನು ನೀರು ಹಾಕಿದ್ದು ಒಂದೇ ಸಲ. ಬೆರಳು ಹಾಕಿದರೆ ಇವತ್ತೂ ಒದ್ದೆ! ಮೇಲೆ ಬೆಳ್ಳಗೆ ಪೊರೆ ಕಟ್ಟಿದೆ. ನೀವು ಹೇಳಿದ ಮಣ್ಣೇ ಹಾಕಿದ್ದೇನೆ, ಇದು ನೀರು ಬಿಡುತ್ತಲೇ ಇಲ್ಲ.

ಕುಂಡಕೋಟೆ

ಆ ಮಣ್ಣು ಹದಿನೈದು ದಿನ ಒದ್ದೆ ಇರಲು ಸಾಧ್ಯವೇ ಇಲ್ಲ. ನೊಣ ಬರುವುದು ಹಸಿ ಮಣ್ಣಿಗೆ, ಮೊಟ್ಟೆ ಇಡಲು. ಮೇಲಿನ ಎರಡಂಗುಲ ಒಣಗಿದರೆ ತಾನೇ ಹೋಗುತ್ತೆ, ಹಳದಿ ಅಂಟು ಹಾಳೆ ಒಂದು ಸಿಕ್ಕಿಸಿ. ಬೆಳ್ಳನೆ ಪೊರೆ ಬೂಸ್ಟು ಇರಬಹುದು.

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಮನೆಯಲ್ಲಿ ಬೇರೆ ಯಾರಾದರೂ ನೀರು ಹಾಕುತ್ತಿದ್ದಾರಾ?

ಮೂರನೇಮಹಡಿ, ಮಾರನೇ ದಿನ ಬೆಳಿಗ್ಗೆ 6:40

ಕಳ್ಳ ಸಿಕ್ಕಿಬಿದ್ದ.

ಬೇಗ ಎದ್ದು ಹಾಲ್‌ನಲ್ಲಿ ಸೋಫಾ ಮೇಲೆ ಸುಮ್ನೆ ಕೂತಿದ್ದೆ. ಆರೂಕಾಲಿಗೆ ಅಡುಗೆಮನೆಯಿಂದ ಅತ್ತೆ ಬಂದರು. ಕೈಯಲ್ಲಿ ಸ್ಟೀಲ್ ಪಾತ್ರೆ. ಅಕ್ಕಿ ತೊಳೆದ ನೀರು. ಸೀದಾ ಬಂದು ಗಿಡದ ಬುಡಕ್ಕೆ ಸುರಿದು, ಎಲೆ ಒಂದನ್ನು ಸೆರಗಿನಿಂದ ಒರೆಸಿ, "ಕುಡಿ ಮಗಳೇ, ನಿನ್ನನ್ನು ಕೇಳುವವರೇ ಇಲ್ಲ ಈ ಮನೇಲಿ" ಅಂದರು.

ಎರಡು ವರ್ಷದಿಂದ ಹಾಕುತ್ತಿದ್ದಾರಂತೆ. ನಾನು ಮರೆಯುತ್ತೇನೆ ಅಂತ. ಹಾಸನದ ಮನೆಯಲ್ಲಿ ಅಕ್ಕಿ ತೊಳೆದ ನೀರು ಯಾವತ್ತೂ ಮೋರಿಗೆ ಹೋಗಿಲ್ಲವಂತೆ.

ಈಗ ಹೇಗೆ ಹೇಳಲಿ? ಆ ಎಲೆ ಒರೆಸಿದ್ದು ನೋಡಿ ಬಾಯಿಗೆ ಬಂದ ಮಾತು ಒಳಗೇ ಹೋಯಿತು.

ಬಚ್ಚಲಹಿಂದೆ

ಬೇಡ ಅನ್ನಬೇಡ ತಂಗಿ. ಬೇರೆ ಗಿಡ ತೋರಿಸು. ಬಾಲ್ಕನಿಯಲ್ಲಿ ಕರಿಬೇವು, ತುಳಸಿ ಏನಾದರೂ ಇದ್ದರೆ ಅದರ ಜವಾಬ್ದಾರಿ ಅವರಿಗೆ ಕೊಡು. ಆ ನೀರು ಕೆಟ್ಟದ್ದಲ್ಲ. ಬಿಸಿಲಲ್ಲಿರುವ, ನೆಲದಲ್ಲಿರುವ ಗಿಡಕ್ಕೆ ನಾವೂ ಹಾಕುತ್ತೇವೆ. ಒಳಗಿನ ಕುಂಡಕ್ಕೆ ದಿನಾ ಹಾಕಿದರೆ ಗಂಜಿ ಹುಳಿ ಬರುತ್ತದೆ, ಆ ನೊಣ, ಆ ಬೂಸ್ಟು ಅದರದ್ದೇ.

ಎಲೆ ಒರೆಸುವ ಕೆಲಸ ಮಾತ್ರ ಅವರಿಗೇ ಬಿಡು. ಅದು ನಿಜಕ್ಕೂ ಬೇಕು.

ಹಿಮದೂರು

ಹೌದು, ಅಷ್ಟಗಲ ಎಲೆಯ ಮೇಲೆ ಧೂಳು ಕೂತರೆ ಬೆಳಕು ಸಿಗಲ್ಲ. ಒದ್ದೆ ಬಟ್ಟೆ ಸಾಕು. ಹೊಳಪಿಗೆ ಅಂತ ಹಾಲು, ಕೊಬ್ಬರಿ ಎಣ್ಣೆ ಹಚ್ಚಬೇಡಿ. ಒರೆಸುವಾಗ ಎಲೆಯ ಹಿಂಭಾಗ, ತೊಟ್ಟಿನ ಸಂದು ನೋಡಲು ಹೇಳಿ. ಹತ್ತಿಯಂಥ ಬಿಳಿ ಚುಕ್ಕೆ ಇದ್ದರೆ ಹಿಟ್ಟುತಿಗಣೆ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ, ಆಮೇಲೆ ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಪಾತ್ರೆ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಮೂರನೇಮಹಡಿ, ಒಂದೂವರೆ ತಿಂಗಳ ನಂತರ

ಗಿಡ ಬದುಕಿದೆ. ಏಳು ಎಲೆ ಉಳಿದಿವೆ. ಕೆಳಗಿನ ಹಳೇ ಎಲೆಗಳು ಪೂರ್ತಿ ಎದ್ದಿಲ್ಲ, ಆದರೆ ಬಾಗುವುದು ನಿಂತಿದೆ. ಈಗ ಹತ್ತು ಹನ್ನೆರಡು ದಿನಕ್ಕೊಮ್ಮೆ ನೀರು. ಕುಂಡ ಎತ್ತಿ ತೂಕ ನೋಡಿ ಹಾಕುತ್ತೇನೆ. ಭರಣಿಯ ತುಂಡಿಗೆ ಮೂರು ಬಿಳಿ ಬೇರು ಬಂದಿದೆ.

ಹಾಗಾದರೂ ಗಿಡ ಹರಡಿಕೊಂಡೇ ಇದೆ. ಒಂದು ತೊಟ್ಟು ಅಡುಗೆಮನೆ ಕಡೆ, ಇನ್ನೊಂದು ಬಾಗಿಲ ಕಡೆ. ಇದನ್ನು ನೆಟ್ಟಗೆ ಮಾಡಲು ಆಗುತ್ತಾ?

ಕುಂಡಕೋಟೆ

ಉಳಿದಿರುವ ಜೋಲು ನೀರಿನದ್ದಲ್ಲ, ಬೆಳಕಿನದ್ದು. ಕತ್ತಲ ಮೂಲೆಯಲ್ಲಿ ಬೆಳೆದ ತೊಟ್ಟು ಬೆಳಕು ಹುಡುಕಿಕೊಂಡು ಉದ್ದ ಆಗಿರುತ್ತೆ. ಆ ಉದ್ದ ಇನ್ನು ಕಮ್ಮಿ ಆಗಲ್ಲ. ಎಲೆ ತೊಟ್ಟಿಗೆ ಸೇರುವ ಜಾಗದಲ್ಲಿ ಮೊಣಕೈ ಥರ ಒಂದು ಗಂಟಿದೆ ನೋಡಿ. ಅಲ್ಲಿ ಬಾಗಿಸಿಕೊಂಡು ಎಲೆ ಬೆಳಕಿನ ಕಡೆ ಮುಖ ಮಾಡುತ್ತೆ. ಕಿಟಕಿ ಹತ್ತಿರ ತಂದ ಮೇಲೆ ಎಲೆಗಳು ದಿಕ್ಕು ಬದಲಾಯಿಸಿರಬೇಕಲ್ಲ?

ಬೆಳಗಿನ ಬಿಸಿಲು ಒಂದೆರಡು ಗಂಟೆ ಬಿದ್ದರೆ ಒಳ್ಳೇದೇ. ಮಾರ್ಚ್ ಏಪ್ರಿಲ್‌ನ ಪಶ್ಚಿಮದ ಬಿಸಿಲು ಮಾತ್ರ ಎಲೆ ಸುಡುತ್ತೆ, ಬಿಳಿ ಪರದೆ ಹಾಕಿ. ಇನ್ನು ಕಂಬದ ವಿಷಯ ಶಿರಸಿಯವರೇ ಹೇಳಬೇಕು.

ಬಚ್ಚಲಹಿಂದೆ

ಮರ ಹತ್ತುವ ಬಳ್ಳಿಗೆ ಮರ ಕೊಡದೆ ನೆಟ್ಟಗೆ ನಿಲ್ಲು ಅಂದರೆ ಹೇಗೆ? ಇವರ ಕುಲದ ಒಂದು ಬಳ್ಳಿಯ ಸಸಿ ಮೊಳೆತ ಮೇಲೆ ಬೆಳಕಿನ ಕಡೆ ಹೋಗುವುದಿಲ್ಲ, ಕತ್ತಲ ಕಡೆ ಹರಿಯುತ್ತದೆ ಅಂತ 1975ರಲ್ಲೇ ಬರೆದಿದ್ದಾರೆ. ಕಾಡಿನಲ್ಲಿ ಕತ್ತಲೆ ಅಂದರೆ ದೊಡ್ಡ ಮರದ ಬುಡ. ಮರ ಸಿಕ್ಕ ಮೇಲೆ ಮೇಲೆ ತಿರುಗಿ ಬೆಳಕಿಗೆ ಹೋಗುತ್ತದೆ. ಎಷ್ಟು ಬುದ್ಧಿ ನೋಡು.

ನರ್ಸರಿಯ ನಾರಿನ ಕಂಬ ತಂದರೂ ಆದೀತು. ಅದು ಬೇಗ ಒಣಗುತ್ತದೆ, ಒಣ ಕಂಬಕ್ಕೆ ಬೇರು ಕಚ್ಚುವುದಿಲ್ಲ. ನನ್ನ ಕೇಳಿದರೆ ಊರ ಕಡೆಯಿಂದ ಯಾರಾದರೂ ಬರುವಾಗ ಒಂದು ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ತರಿಸು. ನಾಲ್ಕಡಿ ಸಾಕು. ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತು. ಮುಂದಿನ ಸಲ ಕುಂಡ ಬದಲಿಸುವಾಗ ತಳದವರೆಗೆ ನಿಲ್ಲಿಸು. ಈಗ ಚುಚ್ಚಿದರೆ ಎಳೇ ಬೇರು ಹರಿಯುತ್ತದೆ, ಸದ್ಯಕ್ಕೆ ಕುಂಡದ ಹೊರಗೆ ಗೋಡೆಗೆ ಆನಿಸಿ ನಿಲ್ಲಿಸಿದರಾಯಿತು.

ಬಳ್ಳಿಗೆ ಹೊಟ್ಟೆ ಬೆನ್ನು ಇದೆ. ಗಾಳಿ ಬೇರು ಬರುವ ಕಡೆ ಹೊಟ್ಟೆ, ಅದು ಕಂಬಕ್ಕೆ ತಾಗಬೇಕು. ಎಲೆಯ ಮುಖ ಹೊರಗೆ. ನಾವು ಕಾಳುಮೆಣಸನ್ನು ಬಾಳೆಪಟ್ಟೆಯಲ್ಲಿ ಕಟ್ಟುತ್ತೇವೆ, ನೀನು ಹಳೇ ಹತ್ತಿ ಸೀರೆ ಅಂಚು ಹರಿದು ಕಟ್ಟು. ದಾರ, ತಂತಿ ಬೇಡ, ಕೊಯ್ಯುತ್ತದೆ. ಕಾಂಡಕ್ಕೆ ಕಟ್ಟು, ತೊಟ್ಟಿಗೆ ಕಟ್ಟಬೇಡ. ಎಲೆ ತನಗೆ ಬೇಕಾದ ಕಡೆ ತಿರುಗಲಿ.

ಮಂಗಳೂರುಮಳೆ

ಗಾಳಿ ಬೇರನ್ನು ನೋಡಲು ಚೆಂದ ಇಲ್ಲ ಅಂತ ಕತ್ತರಿಸುವವರಿದ್ದಾರೆ. ದಯವಿಟ್ಟು ಬಿಡಿ ಮಾರಾಯ್ರೆ. ಕಂಬಕ್ಕೆ ಅಥವಾ ಮಣ್ಣಿಗೆ ತಿರುಗಿಸಿ.

ಮೂರನೇಮಹಡಿ, ಅಕ್ಟೋಬರ್

ದಬ್ಬೆ ಬಂತು! ನಮ್ಮವರ ಸ್ನೇಹಿತರು ಸಾಗರದಿಂದ ಬರುವಾಗ ಬಸ್ಸಿನ ಮೇಲೆ ಹಾಕಿಸಿ ತಂದರು. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದನಂತೆ, ಗಿಡಕ್ಕೆ ಮರ ತಗೊಂಡು ಹೋಗ್ತಿದೀವಿ ಅಂದರೆ ನಂಬಲಿಲ್ಲವಂತೆ. ಅತ್ತೆಯ ಹಳೇ ಇಳಕಲ್ ಸೀರೆಯ ಅಂಚು ಹರಿದು ನಾಲ್ಕು ಕಡೆ ಕಟ್ಟಿದ್ದೇವೆ. ಗಿಡ ಈಗ ಅರ್ಧ ಜಾಗ ಹಿಡಿಯುತ್ತೆ.

ಮುಖ್ಯ ವಿಷಯ ಇದಲ್ಲ. ಹೋದ ವಾರ ಮೇಲಿನ ತೊಟ್ಟಿನ ಸಂದಿನಿಂದ ಬಾಳೆಯ ಸುಳಿಯಂಥದ್ದು ಬಂತು. ದಿನಾ ಒಂದಂಗುಲ. ಇವತ್ತು ಬೆಳಿಗ್ಗೆ ಬಿಚ್ಚಿಕೊಂಡಿತು. ಗಿಳಿ ಹಸಿರು, ಮುಟ್ಟಿದರೆ ಒದ್ದೆ ರೇಷ್ಮೆ. ತುದಿಯಲ್ಲಿ ಒಂದು ಹನಿ ನೀರು ನಿಂತಿತ್ತು. ಒಂದು ಕಡೆ ನಾಲ್ಕು ಸೀಳು, ಇನ್ನೊಂದು ಕಡೆ ಮೂರು. ಎಣಿಸಿದ್ದು ಅತ್ತೆ.

ಕುಂಡಕೋಟೆ

ಸೀಳು ಬಂದಿದೆ ಅಂದರೆ ಬೆಳಕು ಸಾಕಾಗುತ್ತಿದೆ. ಎರಡು ವಾರ ಆ ಎಲೆ ಮುಟ್ಟಬೇಡಿ, ಒರೆಸುವುದೂ ಬೇಡ. ಬೇಗ ಕಲೆ ಆಗುತ್ತೆ. ತುದಿಯ ಹನಿ ಬೆಳಗಿನ ಹೊತ್ತು ಸಹಜ, ಬೇರು ರಾತ್ರಿ ಎಳೆದ ನೀರನ್ನು ಎಲೆ ಹೊರಗೆ ಬಿಡುತ್ತೆ. ಅಂದರೆ ಬೇರು ಕೆಲಸ ಶುರು ಮಾಡಿದೆ.

ಹಸಿರುಕೈ

ನಾನು ಮೊದಲ ದಿನ ಹೇಳಿದ ಹಾಗೆ ದಿನಾ ಒಂದು ಚೊಂಬು ಹಾಕಿದ್ದರೆ ಇಷ್ಟು ಹೊತ್ತಿಗೆ ಗಿಡ ಇರುತ್ತಿರಲಿಲ್ಲ. ಸಾರಿ ಮೇಡಂ. ಒಂದು ತುಂಡು ಬೇರು ಬಂದದ್ದು ಇದ್ದರೆ ನನಗೂ ಕೊಡಿ, ಬೆಂಗಳೂರಿಗೆ ಬಂದಾಗ ತಗೊಳ್ತೇನೆ. ಈ ಸಲ ಮನೆಯೊಳಗೆ ಇಟ್ಟು ನೋಡುತ್ತೇನೆ.

ಮೂರನೇಮಹಡಿ

ಖಂಡಿತ ಸರ್, ಭರಣಿಯಲ್ಲಿರುವುದು ನಿಮಗೇ.

ಇನ್ನೊಂದು ಸಣ್ಣ ಪ್ರಶ್ನೆ. ಅತ್ತೆ ಈಗ ಅಕ್ಕಿ ತೊಳೆದ ನೀರನ್ನು ಬಾಲ್ಕನಿಯ ಕರಿಬೇವಿಗೆ ಹಾಕುತ್ತಾರೆ. ಮೊನ್ನೆಯಿಂದ ಅದರ ಕೆಳಗಿನ ಎಲೆ ಹಳದಿ ಆಗುತ್ತಿದೆ. ಅದಕ್ಕೆ ಬೇರೆ ಪೋಸ್ಟ್ ಹಾಕಲಾ?

ಕುಂಡಕೋಟೆ

ಹಾಕುವ ಮೊದಲು ಕುಂಡದ ತಳ ನೋಡಿ ಬನ್ನಿ. ತೂತು ಇದೆಯಾ?